ಷೇರುಪೇಟೆಯ ವರದಿಗೆ ಪ್ರಶಸ್ತಿ: ಕೊಡುವವರು ಯಾರು, ಕೊಡುವುದು ಯಾವುದಕ್ಕೆ?

2008ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್‌ಗೆ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂತು. ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರಿಗೆ ಅರ್ನ್‌ಸ್ಟ್ ಅಂಡ್ ಯಂಗ್ ಸಂಸ್ಥೆ 2007ರ ಸಾಲಿನ ವರ್ಷದ ಉದ್ಯಮಿ ಎಂಬ ಗೌರವವನ್ನೂ ಕೊಟ್ಟಿತ್ತು. 2009ರ ಜನವರಿ 7ರಂದು ಅದೇ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಪತ್ರ ಬರೆದು, ಲೆಕ್ಕಪತ್ರದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಹಿಂದಿನ ದಿನ 179 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರು ಅಂದು ಸಂಜೆಗೆ 40 ರೂಪಾಯಿಗೆ ಬಿದ್ದಿತ್ತು. ಗೋಲ್ಡನ್ ಪೀಕಾಕ್ ಕೊಟ್ಟವರು ಅದನ್ನು ಹಿಂದಕ್ಕೆ ಪಡೆದರು.

ಹೈದರಾಬಾದ್ ಕಂಡ ಅತಿ ದೊಡ್ಡ ಷೇರುಪೇಟೆ ಸುದ್ದಿ ಇದು. ಇದನ್ನು ಬಯಲಿಗೆ ತಂದದ್ದು ವರದಿಗಾರರಲ್ಲ, ಆರೋಪಿಯ ಸ್ವಂತ ಪತ್ರ. ನಮ್ಮ ವಾಣಿಜ್ಯ ಪತ್ರಿಕೋದ್ಯಮ ಇದನ್ನು ಮರೆಯಬಾರದು. ಸುಳಿವುಗಳು ಎಲ್ಲರ ಕಣ್ಣೆದುರೇ ಇದ್ದವು. 2001ರಲ್ಲಿ ಶೇ 25ರಷ್ಟಿದ್ದ ಪ್ರವರ್ತಕರ ಪಾಲು 2008ರ ಹೊತ್ತಿಗೆ ಶೇ 9ಕ್ಕಿಂತ ಕೆಳಗಿಳಿದಿತ್ತು, ಅದು ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸಿದ ಪಟ್ಟಿಯಲ್ಲೇ ಇತ್ತು. 2008ರ ಡಿಸೆಂಬರ್ 16ರಂದು ರಾಜು ಕುಟುಂಬದ ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನು ಸತ್ಯಂ ಹಣದಿಂದ ಕೊಳ್ಳುವ ಪ್ರಸ್ತಾಪ ಬಂತು. ಹೂಡಿಕೆದಾರರು ಸಿಡಿದೆದ್ದ ಮೇಲೆ ಕೆಲವೇ ಗಂಟೆಗಳಲ್ಲಿ ಅದನ್ನು ಕೈಬಿಟ್ಟರು. ಮೇಟಾಸ್ ಎಂಬುದು ಸತ್ಯಂ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಬರೆದದ್ದು. ಇಷ್ಟು ಬಹಿರಂಗವಾಗಿ ಸುಳಿವು ಬಿಟ್ಟ ಹಗರಣ ಇನ್ನೊಂದು ಇರಲಾರದು.

ಕಂಪನಿಗಳಿಗೆ ಪ್ರಶಸ್ತಿ ಕೊಡುವ ಸಂಸ್ಥೆಗಳಿಗೆ ಬರವಿಲ್ಲ. ಆ ಕಂಪನಿಗಳ ಲೆಕ್ಕ ಕೆದಕಿದವರಿಗೆ ಕೊಡುವ ಪ್ರಶಸ್ತಿಗಳು ಕಡಿಮೆ. ಅದರಲ್ಲೂ ಸಣ್ಣ ಕಂಪನಿಗಳ ಬೆನ್ನು ಹತ್ತಿದವರಿಗೆ ಸಿಗುವುದು ತೀರಾ ಕಡಿಮೆ. ಇಂಥ ಪ್ರಶಸ್ತಿ ಹೇಗೆ ನಡೆಯುತ್ತದೆ, ಅದಕ್ಕೆ ಯೋಗ್ಯವಾದ ವರದಿ ಹೇಗೆ ಹುಟ್ಟುತ್ತದೆ ಎಂಬುದನ್ನು ಹೈದರಾಬಾದನ್ನೇ ಮುಂದಿಟ್ಟುಕೊಂಡು ನೋಡೋಣ.

ಮೊದಲು ಹಣದ ಮೂಲ. ಆರ್ಥಿಕ ಪತ್ರಿಕೋದ್ಯಮದ ಪ್ರಶಸ್ತಿಗಳಲ್ಲಿ ಜಗತ್ತಿನಲ್ಲೇ ಹೆಸರಾದದ್ದು ಅಮೆರಿಕದ ಜೆರಾಲ್ಡ್ ಲೋಬ್ ಪ್ರಶಸ್ತಿ. 1957ರಲ್ಲಿ ಅದನ್ನು ಸ್ಥಾಪಿಸಿದ ಲೋಬ್ ಪತ್ರಕರ್ತನಲ್ಲ, ಇ.ಎಫ್. ಹಟ್ಟನ್ ಎಂಬ ಸಂಸ್ಥೆಯ ಷೇರು ಬ್ರೋಕರ್. ಸಾಮಾನ್ಯ ಹೂಡಿಕೆದಾರನಿಗೆ ಮಾಹಿತಿ ಕೊಟ್ಟು ಅವನನ್ನು ಕಾಪಾಡುವ ಬರವಣಿಗೆಗೆ ಉತ್ತೇಜನ ಕೊಡುವುದು ಅದರ ಉದ್ದೇಶ. 1973ರಿಂದ ಅದನ್ನು ನಡೆಸುತ್ತಿರುವುದು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯವೊಂದರ ಮ್ಯಾನೇಜ್‌ಮೆಂಟ್ ಶಾಲೆ. ಹಣ ಪೇಟೆಯವರದ್ದು, ತೀರ್ಪು ಮೂರನೆಯವರದ್ದು ಎಂಬ ಏರ್ಪಾಡು ಅದು. ನಮ್ಮಲ್ಲಿ 1998ರಲ್ಲಿ ಚೆನ್ನೈಯಲ್ಲಿ ಆರಂಭವಾದ ಪೋಲ್‌ಸ್ಟಾರ್ ಪ್ರಶಸ್ತಿ ಮಾಹಿತಿ ತಂತ್ರಜ್ಞಾನ ಮತ್ತು ವಾಣಿಜ್ಯ ವರದಿಗಾರಿಕೆಗೆ ಮೀಸಲು. ಅದರ ಬೆನ್ನಿಗಿದ್ದದ್ದು ಪೋಲಾರಿಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಸ್ಥಾಪಕರು. ಆರ್ಥಿಕ ಪತ್ರಿಕೋದ್ಯಮಕ್ಕೆಂದೇ ಪ್ರಶಸ್ತಿ ಇಟ್ಟ ಶ್ರೀರಾಮ್ ಸಮೂಹ ಸ್ವತಃ ಹಣಕಾಸು ವ್ಯವಹಾರದ್ದು. ಇಂಡಿಯನ್ ಎಕ್ಸ್‌ಪ್ರೆಸ್ ಬಳಗದ ರಾಮನಾಥ್ ಗೋಯೆಂಕಾ ಪ್ರಶಸ್ತಿಯಲ್ಲಿ ವಾಣಿಜ್ಯ ಮತ್ತು ಆರ್ಥಿಕ ಪತ್ರಿಕೋದ್ಯಮ ಒಂದು ವಿಭಾಗ ಮಾತ್ರ. ಅಲ್ಲಿ ಪ್ರಾದೇಶಿಕ ಭಾಷೆಗಳಿಗೂ ಬೇರೆ ವಿಭಾಗವಿದೆ.

ಪ್ರಾಯೋಜಕರು ಹಣಕಾಸು ಕಂಪನಿಯವರೆಂಬ ಒಂದೇ ಕಾರಣಕ್ಕೆ ಪ್ರಶಸ್ತಿಯನ್ನು ತಳ್ಳಿಹಾಕಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ತೀರ್ಪುಗಾರರಲ್ಲಿ ಆ ಕಂಪನಿಯ ನೌಕರರಿದ್ದಾರೆಯೇ? ಅದೇ ಉದ್ಯಮವನ್ನು ಟೀಕಿಸಿದ ವರದಿಗೆ ಎಂದಾದರೂ ಬಹುಮಾನ ಬಂದಿದೆಯೇ? ಹತ್ತು ವರ್ಷಗಳ ವಿಜೇತರ ಪಟ್ಟಿಯಲ್ಲಿ ಯಾವ ಬ್ರೋಕರನಿಗೂ ಬ್ಯಾಂಕಿಗೂ ನೋವಾಗುವ ಒಂದು ವರದಿಯೂ ಇಲ್ಲವೆಂದರೆ ಅದು ಪ್ರಶಸ್ತಿಯಲ್ಲ, ಜಾಹೀರಾತಿನ ಖರ್ಚು.

ಪ್ರಶಸ್ತಿಯ ಕೆಲಸ ನಡೆಯುವ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಒಂದು ವರ್ಷದ ಅವಧಿಯಲ್ಲಿ ಪ್ರಕಟವಾದ ವರದಿಯನ್ನೋ ಸರಣಿಯನ್ನೋ ಕಳಿಸಬೇಕು. ಪ್ರಕಟವಾದ ದಿನಾಂಕಕ್ಕೆ ಪುರಾವೆ, ಸಂಪಾದಕರ ಪತ್ರ, ವರದಿ ಹೇಗೆ ಸಿದ್ಧವಾಯಿತು ಮತ್ತು ಅದರಿಂದ ಏನಾಯಿತು ಎಂಬ ಚಿಕ್ಕ ಟಿಪ್ಪಣಿ ಜತೆಗಿರಬೇಕು. ಕನ್ನಡ, ತೆಲುಗು ವರದಿಗಾರರು ಸಾಮಾನ್ಯವಾಗಿ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಬೇಕಾಗುತ್ತದೆ. ಜಿಲ್ಲಾ ವರದಿಗಾರ ಎಡವುವುದು ಇಲ್ಲೇ. ಒಳ್ಳೆಯ ವರದಿ ಕೆಟ್ಟ ಅನುವಾದದಲ್ಲಿ ಸಾಯುತ್ತದೆ. ಬಂದ ಅರ್ಜಿಗಳನ್ನು ಒಂದು ತಂಡ ಮೊದಲು ಜಾಲಾಡಿ ಕೆಲವನ್ನು ಉಳಿಸುತ್ತದೆ, ಅವುಗಳ ಮೇಲೆ ತೀರ್ಪುಗಾರರು ಕೂರುತ್ತಾರೆ. ಅವರು ಕೇಳುವುದು ಮೂರೋ ನಾಲ್ಕೋ ಪ್ರಶ್ನೆ. ಸುದ್ದಿ ಹೊಸದೇ? ದಾಖಲೆ ಇದೆಯೇ? ಆರೋಪಕ್ಕೆ ಗುರಿಯಾದವರ ಮಾತು ಕೇಳಿದ್ದಾರೆಯೇ? ಓದಿದವನಿಗೆ ಅರ್ಥವಾಗುತ್ತದೆಯೇ? ಪರಿಣಾಮ ಏನಾಯಿತು ಎಂಬುದಕ್ಕೆ ಅತಿಯಾದ ತೂಕ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಷೇರುಪೇಟೆಯ ನಿಯಂತ್ರಕ ಸೆಬಿಯ ಆದೇಶ ಬರಲು ಮೂರು ನಾಲ್ಕು ವರ್ಷ ಹಿಡಿಯಬಹುದು, ಪ್ರಶಸ್ತಿಯ ಅವಧಿಯೋ ಒಂದೇ ವರ್ಷ. ಹರ್ಷದ್ ಮೆಹ್ತಾ ಹಗರಣವನ್ನು ಸುಚೇತಾ ದಲಾಲ್ ಟೈಮ್ಸ್ ಆಫ್ ಇಂಡಿಯಾದಲ್ಲಿ ಬರೆದದ್ದು 1992ರ ಏಪ್ರಿಲ್ 23ರಂದು. ಅವರಿಗೆ ಪದ್ಮಶ್ರೀ ಬಂದದ್ದು 2006ರಲ್ಲಿ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿಯೊಂದಿದೆ. ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆ ಸೂತ್ರಗಳಲ್ಲಿ ಆರ್ಥಿಕ ಪತ್ರಿಕೋದ್ಯಮಕ್ಕೆ ಪ್ರತ್ಯೇಕ ಭಾಗವಿದೆ. ಹಗರಣ ಬಯಲು ಮಾಡಿದ ಅಥವಾ ಒಳ್ಳೆಯ ಯೋಜನೆಯ ಬಗ್ಗೆ ಬರೆದ ವರದಿಗಾರನಿಗೆ ಉತ್ತೇಜನ ಮತ್ತು ಬಹುಮಾನ ಸಿಗಬೇಕು ಎಂದು ಅಲ್ಲೇ ಹೇಳಿದೆ. ಆದರೆ ಆ ಸಾಲಿನ ಹಿಂದೆಮುಂದೆ ಇರುವುದೆಲ್ಲ ನಿರ್ಬಂಧಗಳೇ. ಕಂಪನಿಯಿಂದ ಉಡುಗೊರೆ, ಸಾಲ, ಪ್ರವಾಸ, ರಿಯಾಯಿತಿ, ಮೀಸಲು ಷೇರು ಏನನ್ನೂ ಪಡೆಯಬಾರದು. ಕಂಪನಿಯ ಖರ್ಚಿನಲ್ಲಿ ಕಾರ್ಖಾನೆ ನೋಡಲು ಹೋಗಿದ್ದರೆ ಅದನ್ನು ವರದಿಯಲ್ಲೇ ತಿಳಿಸಬೇಕು. ಷೇರು ಇಟ್ಟುಕೊಂಡ ಕಂಪನಿಯ ಬಗ್ಗೆ ಬರೆಯಬಾರದು. ಪ್ರಕಟಣೆಗೆ ಮುಂಚೆ ತಿಳಿದ ಸುದ್ದಿಯಿಂದ ತಾನೂ ಲಾಭ ಮಾಡಿಕೊಳ್ಳಬಾರದು, ನೆಂಟರಿಷ್ಟರಿಗೂ ಮಾಡಿಕೊಡಬಾರದು. ಪ್ರಶಸ್ತಿ ಸಮಿತಿಯೊಂದು ಅರ್ಜಿಯ ಜತೆ ಇಷ್ಟಕ್ಕೂ ಸಹಿ ಹಾಕಿಸಿಕೊಂಡರೆ ಅರ್ಧ ಶೋಧನೆ ಅಲ್ಲೇ ಮುಗಿದಂತೆ.

ಇವು ಪುಸ್ತಕದ ಬದನೆಕಾಯಿಯಲ್ಲ. 2021ರ ಜನವರಿಯಲ್ಲಿ ಸೆಬಿ ಹಿಂದಿ ವಾಣಿಜ್ಯ ವಾಹಿನಿಯ ನಿರೂಪಕರೊಬ್ಬರನ್ನು ಪೇಟೆಯಿಂದ ಹೊರಗಿಟ್ಟಿತು. ಅವರ ಕಾರ್ಯಕ್ರಮದಲ್ಲಿ ಶಿಫಾರಸಾಗುವ ಷೇರುಗಳನ್ನು ಮನೆಯವರ ಖಾತೆಗಳಲ್ಲಿ ಹಿಂದಿನ ದಿನವೇ ಕೊಂಡು, ಪ್ರಸಾರವಾದ ದಿನ ಮಾರಿದ್ದನ್ನು ಅದು ವಹಿವಾಟಿನ ದಾಖಲೆಯಿಂದ ಪತ್ತೆ ಮಾಡಿತ್ತು. ಮಾಧ್ಯಮ ಸಂಸ್ಥೆಗಳ ಮಟ್ಟದಲ್ಲಿ ಇದಕ್ಕಿಂತ ಸೂಕ್ಷ್ಮವಾದ ರೋಗವೊಂದಿತ್ತು: ಜಾಹೀರಾತಿನ ಜಾಗ ಕೊಟ್ಟು, ಹಣದ ಬದಲು ಕಂಪನಿಯ ಷೇರು ಪಡೆಯುವುದು. ಖಾಸಗಿ ಒಡಂಬಡಿಕೆ ಎಂದು ಕರೆಯುತ್ತಿದ್ದ ಈ ಪದ್ಧತಿಗೆ ಹೆಚ್ಚಾಗಿ ಸಿಕ್ಕಿಕೊಂಡವು ಐಪಿಒಗೆ, ಅಂದರೆ ಮೊದಲ ಸಾರ್ವಜನಿಕ ಷೇರು ಬಿಡುಗಡೆಗೆ, ಕಾದಿದ್ದ ಮಧ್ಯಮ, ಸಣ್ಣ ಕಂಪನಿಗಳು. ಸೆಬಿ ಪತ್ರಿಕಾ ಮಂಡಳಿಗೆ ಪತ್ರ ಬರೆದ ಮೇಲೆ, 2010ರಿಂದ ಅಂಥ ಕಂಪನಿಯ ಸುದ್ದಿ ಬರೆದಾಗ ತಮ್ಮ ಪಾಲನ್ನು ಓದುಗರಿಗೆ ತಿಳಿಸುವುದು ಕಡ್ಡಾಯವಾಯಿತು.

ಸಣ್ಣ ಕಂಪನಿ ಎಂದಾಗ ನಮ್ಮಲ್ಲಿ ಅದಕ್ಕೆ ನಿರ್ದಿಷ್ಟ ಪೇಟೆಯೇ ಇದೆ. 2012ರ ಮಾರ್ಚಿನಲ್ಲಿ ಮುಂಬಯಿ ಷೇರುಪೇಟೆ ಸಣ್ಣ, ಮಧ್ಯಮ ಉದ್ದಿಮೆಗಳ ಎಸ್‌ಎಂಇ ವೇದಿಕೆ ತೆರೆಯಿತು, ಅದೇ ವರ್ಷ ರಾಷ್ಟ್ರೀಯ ಷೇರುಪೇಟೆಯ ಎಮರ್ಜ್ ಬಂತು. ಷೇರು ಬಿಡುಗಡೆಯ ನಂತರ ಪಾವತಿಯಾದ ಬಂಡವಾಳ 25 ಕೋಟಿ ರೂಪಾಯಿ ಮೀರದ ಕಂಪನಿಗಳಿಗೆ ಇಲ್ಲಿ ಪ್ರವೇಶ. ಇವುಗಳ ಐಪಿಒ ಕರಡನ್ನು ಪರಿಶೀಲಿಸುವುದು ಸೆಬಿಯಲ್ಲ, ಷೇರುಪೇಟೆಯೇ. ದೊಡ್ಡ ಕಂಪನಿಗಳು ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಿದರೆ ಇವುಗಳಿಗೆ ಆರು ತಿಂಗಳಿಗೊಮ್ಮೆ. ಬ್ರೋಕರೇಜ್ ಸಂಸ್ಥೆಗಳ ವಿಶ್ಲೇಷಕರು ಇವುಗಳತ್ತ ಕಣ್ಣು ಹಾಯಿಸುವುದು ಅಪರೂಪ.

ಇನ್ನೊಂದು ನಿಯಮ ವರದಿಗಾರರ ಮಟ್ಟಿಗೆ ಮುಖ್ಯ. ಮಾಧ್ಯಮದಲ್ಲಿ ಬಂದ ಸುದ್ದಿಯಿಂದ ಷೇರಿನ ಬೆಲೆ ಗಣನೀಯವಾಗಿ ಏರುಪೇರಾದರೆ ಕಂಪನಿ 24 ಗಂಟೆಯೊಳಗೆ ಹೌದೋ ಅಲ್ಲವೋ ಹೇಳಬೇಕು ಎಂದು ಸೆಬಿ ಕಡ್ಡಾಯ ಮಾಡಿತು. 2024ರ ಜೂನ್‌ನಲ್ಲಿ ಮೊದಲ 100 ಕಂಪನಿಗಳಿಗೆ, ಡಿಸೆಂಬರಿನಲ್ಲಿ ಮೊದಲ 250ಕ್ಕೆ ಅದು ಅನ್ವಯವಾಯಿತು. ಅದರ ಕೆಳಗಿನ ಸಾವಿರಾರು ಕಂಪನಿಗಳಿಗೆ ಈ ಕಟ್ಟುಪಾಡಿಲ್ಲ. ದೊಡ್ಡ ಕಂಪನಿಯ ಬಗ್ಗೆ ಬರೆದರೆ ಉತ್ತರ ಬರುತ್ತದೆ, ಸಣ್ಣದರ ಬಗ್ಗೆ ಬರೆದರೆ ಬರುವುದು ಮೌನ ಅಥವಾ ವಕೀಲರ ನೋಟಿಸು. ಸಣ್ಣ ಕಂಪನಿಯ ವರದಿಗೆ ಬೇರೆ ವಿಭಾಗದಲ್ಲಿ ಪ್ರಶಸ್ತಿ ಕೊಡಬೇಕು ಎಂದು ನಾನು ವಾದಿಸುವುದು ಇದಕ್ಕೇ.

ಈ ಪೇಟೆಯ ಹುಚ್ಚು ಎಲ್ಲಿಗೆ ಮುಟ್ಟಿತ್ತೆಂದರೆ, 2024ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಎರಡು ಯಮಹಾ ಬೈಕ್ ಶೋರೂಮು, ಎಂಟು ಜನ ನೌಕರರು ಇದ್ದ ರಿಸೋರ್ಸ್‌ಫುಲ್ ಆಟೊಮೊಬೈಲ್ ಎಂಬ ಕಂಪನಿ 12 ಕೋಟಿ ರೂಪಾಯಿ ಕೇಳಿದರೆ ಜನ 4,700 ಕೋಟಿಗೂ ಮಿಕ್ಕಿ ಅರ್ಜಿ ಹಾಕಿದರು. ಅದೇ ತಿಂಗಳು ಸೆಬಿ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಮರುತಿಂಗಳು ನೋಯ್ಡಾದ ಟ್ರಾಫಿಕ್‌ಸಾಲ್ ಕಂಪನಿಯ ಸರದಿ. ಐಪಿಒದಲ್ಲಿ ಎತ್ತಿದ ಸುಮಾರು 45 ಕೋಟಿಯಲ್ಲಿ 17.70 ಕೋಟಿಯನ್ನು ಸಾಫ್ಟ್‌ವೇರ್ ಕೊಳ್ಳಲು ಬಳಸುವುದಾಗಿ ಅದು ಹೇಳಿತ್ತು. ಆ ಸಾಫ್ಟ್‌ವೇರ್ ಕೊಡಬೇಕಿದ್ದ ಸಂಸ್ಥೆ ಬರೀ ಹೆಸರಿಗಿದ್ದ ಶೆಲ್ ಕಂಪನಿ ಎಂದು ಸೆಬಿ ಕಂಡುಕೊಂಡು, ಡಿಸೆಂಬರಿನಲ್ಲಿ ಹೂಡಿಕೆದಾರರಿಗೆ ಹಣ ವಾಪಸು ಕೊಡುವಂತೆ ಆದೇಶಿಸಿತು. ಇದಕ್ಕೆ ಚಾಲನೆ ಕೊಟ್ಟದ್ದು ಸಣ್ಣ ಹೂಡಿಕೆದಾರರ ಸಂಘವೊಂದರ ದೂರು. ವಿಳಾಸ ಹಿಡಿದು ಹೋಗಿ ಬಾಗಿಲು ತಟ್ಟುವಷ್ಟು ಕೆಲಸ ಯಾವ ವರದಿಗಾರನಾದರೂ ಮಾಡಬಹುದಿತ್ತು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಹೈದರಾಬಾದಿನಲ್ಲಿ ಕಂಪನಿಗಳ ರಿಜಿಸ್ಟ್ರಾರ್ ಕಚೇರಿ ನಾಗೋಲ್ ಕಡೆಯ ಬಂಡ್ಲಗೂಡದಲ್ಲಿದೆ. ಈಗ ಅಲ್ಲಿಯವರೆಗೆ ಹೋಗುವ ಅಗತ್ಯವೂ ಇಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ-21 ಪೋರ್ಟಲಿನಲ್ಲಿ ನೂರು ರೂಪಾಯಿ ಕಟ್ಟಿದರೆ ಯಾವುದೇ ಕಂಪನಿಯ ಸಾರ್ವಜನಿಕ ಕಡತ ನೋಡಬಹುದು. ಮೊದಲು ತೆಗೆಯಬೇಕಾದದ್ದು ಸಾಲದ ಹೊರೆಯ ನೋಂದಣಿ: ಯಾವ ಬ್ಯಾಂಕಿಗೆ, ಯಾವ ಆಸ್ತಿ, ಎಷ್ಟಕ್ಕೆ ಒತ್ತೆ. ನಂತರ ನಿರ್ದೇಶಕರ ಪಟ್ಟಿ. ಅದೇ ಹೆಸರುಗಳು ಇನ್ನೆಷ್ಟು ಕಂಪನಿಗಳಲ್ಲಿವೆ, ಅವೆಲ್ಲ ಒಂದೇ ವಿಳಾಸದಲ್ಲಿವೆಯೇ ಎಂದು ನೋಡಬೇಕು. ಲೆಕ್ಕಪರಿಶೋಧಕರು ಅವಧಿಯ ನಡುವೆ ರಾಜೀನಾಮೆ ಕೊಟ್ಟಿದ್ದರೆ ಅದು ತಾನಾಗಿಯೇ ಸುದ್ದಿ.

ಐಪಿಒ ದಸ್ತಾವೇಜು ನಾನೂರು ಪುಟ ಇದ್ದರೂ ಓದಬೇಕಾದದ್ದು ನಾಲ್ಕು ಕಡೆ. ಹಣವನ್ನು ಯಾವುದಕ್ಕೆ ಬಳಸುತ್ತಾರೆ. ಪ್ರವರ್ತಕರ ಬಂಧುಬಳಗದ ಕಂಪನಿಗಳ ಜತೆಗಿನ ವ್ಯವಹಾರ. ಬಾಕಿ ಇರುವ ಮೊಕದ್ದಮೆಗಳು. ಐಪಿಒಗೆ ಸ್ವಲ್ಪ ಮುಂಚೆ ಯಾರಿಗೆ ಯಾವ ಬೆಲೆಗೆ ಷೇರು ಕೊಟ್ಟರು. ಲಾಭ ತೋರಿಸಿದ ಕಂಪನಿಗೆ ವ್ಯಾಪಾರದಿಂದ ನಿಜವಾಗಿ ನಗದು ಬಂದಿದೆಯೇ ಎಂದು ನಗದು ಹರಿವಿನ ಪಟ್ಟಿಯಲ್ಲಿ ನೋಡಬೇಕು. ಮೂರು ವರ್ಷ ಲಾಭ, ಮೂರು ವರ್ಷವೂ ಕೈಗೆ ಕಾಸಿಲ್ಲ ಎಂದಾದರೆ ಅಲ್ಲಿ ನಿಲ್ಲಿ. ಇನ್ನೂರು ನೌಕರರಿದ್ದಾರೆ ಎಂದು ಬರೆದುಕೊಂಡಿದ್ದರೆ ಭವಿಷ್ಯನಿಧಿ ಸಂಸ್ಥೆಯ ಪೋರ್ಟಲಿನಲ್ಲಿ ಸಂಸ್ಥೆಯ ಹೆಸರು ಹಾಕಿ, ಎಷ್ಟು ಜನರ ಪಿಎಫ್ ಕಟ್ಟಿದ್ದಾರೆ ಎಂದು ತಾಳೆ ನೋಡಬಹುದು. ಗ್ರಾಹಕ ಕಂಪನಿಗಳ ಜಿಎಸ್‌ಟಿ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂಬುದೂ ಎಲ್ಲರಿಗೂ ಕಾಣುವ ಮಾಹಿತಿ. 2024ರ ಡಿಸೆಂಬರಿನಲ್ಲಿ ಸೆಬಿ ನಿಯಮ ಬಿಗಿ ಮಾಡಿದ ಮೇಲೆ ಎಸ್‌ಎಂಇ ಕರಡನ್ನು 21 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ಇಡಬೇಕು. ವರದಿಗಾರನಿಗೆ ಸಿಗುವ ಅವಕಾಶ ಆ ಮೂರು ವಾರ. ಹಣ ಎತ್ತಿದ ಮೇಲೆ ಬರೆದರೆ ಮರಣೋತ್ತರ ಪರೀಕ್ಷೆಯಷ್ಟೇ.

ಕಾಗದದಲ್ಲಿ ಸಿಗದ್ದು ಜನರಿಂದ ಸಿಗುತ್ತದೆ, ಕಾರ್ವಿ ಪ್ರಕರಣ ಇದಕ್ಕೆ ಸಾಕ್ಷಿ. ಹೈದರಾಬಾದಿನಿಂದ ಹೊರಟು ದೇಶದ ಸಣ್ಣ ಪಟ್ಟಣಗಳವರೆಗೆ ಶಾಖೆ ಹಬ್ಬಿಸಿದ್ದ ಬ್ರೋಕರ್ ಸಂಸ್ಥೆ ಅದು, ಕರ್ನಾಟಕದಲ್ಲೂ ಅದರ ಗ್ರಾಹಕರಿದ್ದರು. ಗ್ರಾಹಕರು ಬರೆದುಕೊಟ್ಟ ಮುಖ್ತ್ಯಾರ ಪತ್ರ ಬಳಸಿ ಅವರ ಷೇರುಗಳನ್ನು ತನ್ನದೊಂದು ಡಿಮ್ಯಾಟ್ ಖಾತೆಗೆ ಎಳೆದುಕೊಂಡು, ಅವನ್ನೇ ಬ್ಯಾಂಕುಗಳಿಗೆ ಅಡವಿಟ್ಟು ಸಾಲ ಪಡೆದಿತ್ತು. 2019ರ ನವೆಂಬರ್ 22ರಂದು ಸೆಬಿ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆಯಿತು. 2016ರ ಏಪ್ರಿಲ್‌ನಿಂದ 2019ರ ಅಕ್ಟೋಬರ್‌ವರೆಗೆ 1,096 ಕೋಟಿ ರೂಪಾಯಿ ಅದೇ ಸಮೂಹದ ಕಾರ್ವಿ ರಿಯಾಲ್ಟಿಗೆ ಹರಿದಿತ್ತು ಎಂದು ಆ ಆದೇಶ ಹೇಳಿತು. ಡಿಸೆಂಬರಿನ ಮೊದಲ ವಾರ ಷೇರು ಠೇವಣಿ ಸಂಸ್ಥೆಯಾದ ಎನ್‌ಎಸ್‌ಡಿಎಲ್ ಸುಮಾರು 83,000 ಗ್ರಾಹಕರ ಷೇರುಗಳನ್ನು ಅವರ ಖಾತೆಗಳಿಗೆ ಮರಳಿಸಿತು. 2021ರ ಆಗಸ್ಟಿನಲ್ಲಿ ಹೈದರಾಬಾದ್ ಪೊಲೀಸರು ಸಂಸ್ಥೆಯ ಅಧ್ಯಕ್ಷರನ್ನು ಬಂಧಿಸಿದರು, 2023ರಲ್ಲಿ ಸೆಬಿ ಏಳು ವರ್ಷಗಳ ನಿಷೇಧ ಹೇರಿತು.

ಇಂಥ ಪ್ರಕರಣದಲ್ಲಿ ಮೊದಲ ಸುಳಿವು ಬರುವುದು ಶಾಖೆಯ ಕೌಂಟರಿಗೆ. ಷೇರು ಮಾರಿದ ಹಣ ಎರಡು ದಿನ ತಡವಾಯಿತು, ಆಮೇಲೆ ಎರಡು ವಾರ ತಡವಾಯಿತು ಎಂದು ದೂರುವ ನಿವೃತ್ತ ಮೇಷ್ಟರ ಬಾಯಲ್ಲಿ ಅದು ಇರುತ್ತದೆ. ಮುಂಬಯಿಯ ದಲಾಲ್ ಸ್ಟ್ರೀಟಿನ ವರದಿಗಾರನಿಗೆ ಅವರು ಸಿಗುವುದಿಲ್ಲ. ಕಲಬುರಗಿಯ, ಬಳ್ಳಾರಿಯ ವರದಿಗಾರನಿಗೆ ಸಿಗುತ್ತಾರೆ.

ಹಿಂದೆ ಊರೂರಲ್ಲಿ ಷೇರುಪೇಟೆಗಳಿದ್ದಾಗ ಈ ಮಾತು ಕಿವಿಗೆ ಬೀಳುವುದು ಸುಲಭವಿತ್ತು. ಹೈದರಾಬಾದ್ ಷೇರು ವಿನಿಮಯ ಕೇಂದ್ರ 1943ರಲ್ಲಿ ಹುಟ್ಟಿದಾಗ ಕಲಬುರಗಿ, ಬೀದರ್, ರಾಯಚೂರುಗಳೂ ನಿಜಾಮರ ರಾಜ್ಯದಲ್ಲೇ ಇದ್ದವು. 2007ರಲ್ಲಿ ಅದರ ಮಾನ್ಯತೆ ಹೋಯಿತು. 1963ರಲ್ಲಿ ಆರಂಭವಾದ ಬೆಂಗಳೂರಿನದು 2014ರಲ್ಲಿ ಬಾಗಿಲು ಹಾಕಿತು. ಪಟ್ಟಿಯಾಗುವುದೆಲ್ಲ ಮುಂಬಯಿಯಲ್ಲಿ, ಕಾರ್ಖಾನೆಯೂ ಕೆಲಸಗಾರರೂ ಇರುವುದು ಇಲ್ಲಿ. ಸಣ್ಣ ಕಂಪನಿಯ ಸುದ್ದಿ ಕಳೆದುಹೋಗುವುದು ಈ ಅಂತರದಲ್ಲಿ.

ಪತ್ರಿಕಾ ಕಂಪನಿಯೇ ಸುದ್ದಿಯಾದರೆ? ಹೈದರಾಬಾದ್ ಅದನ್ನೂ ಕಂಡಿದೆ. ಡೆಕ್ಕನ್ ಕ್ರಾನಿಕಲ್ ಹೋಲ್ಡಿಂಗ್ಸ್ ಷೇರುಪೇಟೆಯಲ್ಲಿ ಪಟ್ಟಿಯಾಗಿದ್ದ ಕಂಪನಿ, 2008ರಲ್ಲಿ ಫೈನಾನ್ಶಿಯಲ್ ಕ್ರಾನಿಕಲ್ ಎಂಬ ವಾಣಿಜ್ಯ ದೈನಿಕವನ್ನೂ ಆರಂಭಿಸಿತು. 2012ರ ಹೊತ್ತಿಗೆ ಸ್ವತಃ ಸಾಲ ತೀರಿಸಲಾಗದೆ ಮುಳುಗತೊಡಗಿತು. ಕೆನರಾ ಬ್ಯಾಂಕ್ ಸಾಲದ ಪ್ರಕರಣದಲ್ಲಿ 2015ರಲ್ಲಿ ಸಿಬಿಐ ಅದರ ಅಧ್ಯಕ್ಷರನ್ನು ಬಂಧಿಸಿತು. ಪತ್ರಿಕೆ ನಡೆಸುವ ಕಂಪನಿಗಳ ಲೆಕ್ಕಪತ್ರದ ಬಗ್ಗೆ ಬರೆದ ವರದಿಗೆ ಪತ್ರಿಕೆಗಳೇ ಕೊಡುವ ಪ್ರಶಸ್ತಿ ಬರುವುದನ್ನು ನೋಡಲು ನಾನು ಕಾಯುತ್ತಿದ್ದೇನೆ.

ಬರೆದ ಮೇಲೆ ಬರುವ ಮಾನನಷ್ಟದ ಹೆದರಿಕೆ ನಿಜವಾದದ್ದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ ಅದು ಇನ್ನೂ ಅಪರಾಧವೇ. ಧೈರ್ಯಕ್ಕೆ ಒಂದು ತೀರ್ಪು ನೆನಪಿಡಬೇಕು. ವೇಗದ ಯಾಂತ್ರಿಕ ವಹಿವಾಟಿನಲ್ಲಿ ಕೆಲವರಿಗೆ ಅನುಕೂಲ ಸಿಗುತ್ತಿದೆ ಎಂದು ಮನಿಲೈಫ್ ಪತ್ರಿಕೆ 2015ರಲ್ಲಿ ಬರೆದಾಗ ರಾಷ್ಟ್ರೀಯ ಷೇರುಪೇಟೆ 100 ಕೋಟಿ ರೂಪಾಯಿಯ ದಾವೆ ಹೂಡಿತು. ಬಾಂಬೆ ಹೈಕೋರ್ಟ್ ಆ ಸೆಪ್ಟೆಂಬರಿನಲ್ಲಿ ತಡೆಯಾಜ್ಞೆ ನಿರಾಕರಿಸಿದ್ದಲ್ಲದೆ ಷೇರುಪೇಟೆಯ ಮೇಲೆಯೇ 50 ಲಕ್ಷ ರೂಪಾಯಿ ವೆಚ್ಚ ಹೇರಿತು, ಅದರಲ್ಲಿ 47 ಲಕ್ಷ ಎರಡು ಆಸ್ಪತ್ರೆಗಳಿಗೆ. ಅಲ್ಲಿ ಪತ್ರಿಕೆಯ ಕೈಹಿಡಿದದ್ದು ಬರೆಯುವ ಮೊದಲು ಷೇರುಪೇಟೆಗೂ ಸೆಬಿಗೂ ಪತ್ರ ಬರೆದು ಉತ್ತರ ಕೇಳಿದ್ದ ದಾಖಲೆ. ಆದ್ದರಿಂದ ಪ್ರಶ್ನೆಗಳನ್ನು ಇಮೇಲಿನಲ್ಲೇ ಕಳಿಸಿ, ಉತ್ತರಕ್ಕೆ ದಿನ ಕೊಡಿ, ಉತ್ತರ ಬರದಿದ್ದರೆ ಬರಲಿಲ್ಲವೆಂದು ವರದಿಯಲ್ಲೇ ಬರೆಯಿರಿ. ಪ್ರಶಸ್ತಿಯ ತೀರ್ಪುಗಾರರು ಕೇಳುವುದೂ ಇದೇ ದಾಖಲೆಯನ್ನು.

ಇನ್ನು ಓದುಗರಿಗೆ ಒಂದು ಮಾತು. ಕಂಪನಿಯೊಂದನ್ನು ಹೊಗಳುವ ಲೇಖನ ಕಂಡಾಗ, ಬರೆದವರಿಗೋ ಪತ್ರಿಕೆಗೋ ಅದರಲ್ಲಿ ಷೇರು ಇದೆಯೇ, ಪ್ರವಾಸದ ಖರ್ಚು ಯಾರದ್ದು ಎಂಬ ಸಾಲು ಕೊನೆಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಮೊದಲು ಸಂಪಾದಕರಿಗೆ ಪತ್ರ ಬರೆಯಿರಿ. ಸರಿಯಾದ ಉತ್ತರ ಬರದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಗಳಾದರೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳೊಳಗೆ. ಅದಕ್ಕೆ ಶುಲ್ಕವಿಲ್ಲ.